ದತ್ತಿನಿಧಿಯ ಲೆಕ್ಕ ಕೇಳಿದ ವಿದ್ಯಾರ್ಥಿಗಳು: ಕೊಲಂಬಿಯಾ, 1985 ಮತ್ತು 2024

2024ರ ಏಪ್ರಿಲ್ 17ರ ನಸುಕಿನಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಹುಲ್ಲುಹಾಸಿನ ಮೇಲೆ ವಿದ್ಯಾರ್ಥಿಗಳು ಡೇರೆ ಹಾಕಿದರು. ಅದೇ ದಿನ ವಿಶ್ವವಿದ್ಯಾಲಯದ ಅಧ್ಯಕ್ಷೆ ಮಿನೂಶ್ ಶಫೀಕ್ ವಾಷಿಂಗ್ಟನ್ನಿನಲ್ಲಿ ಸಂಸದೀಯ ಸಮಿತಿಯೊಂದರ ಮುಂದೆ, ಆವರಣದೊಳಗಿನ ಯೆಹೂದಿ ದ್ವೇಷದ ಕುರಿತ ವಿಚಾರಣೆಗೆ ಹಾಜರಾಗಿದ್ದರು. ಮಾರನೆಯ ದಿನ ಪೊಲೀಸರು ಒಳಬಂದು ನೂರಕ್ಕೂ ಹೆಚ್ಚು ಮಂದಿಯನ್ನು ಬಂಧಿಸಿದರು. ಡೇರೆಗಳು ಪಕ್ಕದ ಹುಲ್ಲುಹಾಸಿನಲ್ಲಿ ಮತ್ತೆ ಎದ್ದವು. ಕೆಲವೇ ವಾರಗಳಲ್ಲಿ ಅಮೆರಿಕದ ಹತ್ತಾರು ವಿಶ್ವವಿದ್ಯಾಲಯಗಳಿಗೆ ಈ ಬಗೆಯ ಶಿಬಿರಗಳು ಹಬ್ಬಿದವು. ದೇಶದಾದ್ಯಂತ ಬಂಧಿತರಾದವರ ಸಂಖ್ಯೆ ಮೂರು ಸಾವಿರವನ್ನು ದಾಟಿತು.

ಈ ವಿದ್ಯಮಾನವನ್ನು ಚರ್ಚಿಸಿದವರಲ್ಲಿ ಬಹುಪಾಲು ಜನ ವಾಕ್ ಸ್ವಾತಂತ್ರ್ಯದ ಮಿತಿ ಎಲ್ಲಿದೆ ಎಂಬ ಪ್ರಶ್ನೆಯ ಸುತ್ತಲೇ ನಿಂತರು. ಆದರೆ ವಿದ್ಯಾರ್ಥಿಗಳು ಮುಂದಿಟ್ಟ ಬೇಡಿಕೆಗಳಲ್ಲಿ ಮುಖ್ಯವಾದುದು ಹಣದ ವಿಚಾರ. ದತ್ತಿನಿಧಿ ಎಲ್ಲೆಲ್ಲಿ ಹೂಡಿಕೆಯಾಗಿದೆ ಎಂಬುದನ್ನು ಬಹಿರಂಗಪಡಿಸಬೇಕು, ಪ್ಯಾಲೆಸ್ತೀನನ್ನು ಇಸ್ರೇಲ್ ಆಕ್ರಮಿಸಿಕೊಂಡಿರುವುದರಿಂದ ಮತ್ತು ಗಾಜಾ ಯುದ್ಧದಿಂದ ಲಾಭ ಪಡೆಯುವ ಕಂಪನಿಗಳಿಂದ ಅದನ್ನು ಹಿಂತೆಗೆಯಬೇಕು ಎಂದು ಅವರು ಕೇಳಿದರು. ಲೆಕ್ಕಪತ್ರದ ಈ ಪ್ರಶ್ನೆಯನ್ನು ಆಡಳಿತವು ಶಿಸ್ತಿನ ಪ್ರಶ್ನೆಯಾಗಿ ಮಾರ್ಪಡಿಸಿತು ಎಂಬುದು ನನ್ನ ವಾದ. ಇದೇ ಪ್ರಶ್ನೆಗೆ ಇದೇ ವಿಶ್ವವಿದ್ಯಾಲಯ 1985ರಲ್ಲಿ ಬೇರೆಯೇ ಉತ್ತರ ಕೊಟ್ಟಿತ್ತು.

ಕನ್ನಡ ಓದುಗರಿಗೆ ಕೊಲಂಬಿಯಾ ಎಂದರೆ ಮೊದಲು ನೆನಪಾಗುವುದು 1913ರಿಂದ 1916ರವರೆಗೆ ಅಲ್ಲಿ ಓದಿದ ಅಂಬೇಡ್ಕರ್. ಪ್ಯಾಲೆಸ್ತೀನಿಯರಿಗೆ ಅದು ಎಡ್ವರ್ಡ್ ಸಯೀದ್ ಅವರ ವಿಶ್ವವಿದ್ಯಾಲಯ. 1963ರಿಂದ 2003ರಲ್ಲಿ ತೀರಿಕೊಳ್ಳುವವರೆಗೂ ಅವರು ಅಲ್ಲಿಯೇ ಪಾಠ ಮಾಡಿದರು. ಆವರಣಕ್ಕೆ ಇನ್ನೊಂದು ಪರಂಪರೆಯೂ ಇದೆ. 1968ರ ಏಪ್ರಿಲ್‌ನಲ್ಲಿ, ಸೇನೆಗಾಗಿ ಶಸ್ತ್ರಾಸ್ತ್ರ ಸಂಶೋಧನೆ ನಡೆಸುತ್ತಿದ್ದ ಸಂಸ್ಥೆಯೊಂದಿಗಿನ ನಂಟನ್ನೂ ಹಾರ್ಲೆಮ್‌ನ ಜನರ ಉದ್ಯಾನದಲ್ಲಿ ಕಟ್ಟಹೊರಟಿದ್ದ ವ್ಯಾಯಾಮಶಾಲೆಯನ್ನೂ ವಿರೋಧಿಸಿ ವಿದ್ಯಾರ್ಥಿಗಳು ಹ್ಯಾಮಿಲ್ಟನ್ ಹಾಲ್ ಸೇರಿದಂತೆ ಐದು ಕಟ್ಟಡಗಳನ್ನು ವಶಪಡಿಸಿಕೊಂಡರು. ಏಪ್ರಿಲ್ 30ರ ನಸುಕಿನಲ್ಲಿ ಪೊಲೀಸರು ಸುಮಾರು 700 ಜನರನ್ನು ಬಂಧಿಸಿದರು. ವ್ಯಾಯಾಮಶಾಲೆ ನಿಂತುಹೋಯಿತು, ಅಧ್ಯಕ್ಷ ಗ್ರೇಸನ್ ಕರ್ಕ್ ಆ ವರ್ಷವೇ ಹುದ್ದೆ ಬಿಟ್ಟರು. ದೀರ್ಘಕಾಲ ಉಳಿದ ಫಲವೆಂದರೆ ಮರುವರ್ಷ ಸ್ಥಾಪನೆಯಾದ ವಿಶ್ವವಿದ್ಯಾಲಯ ಸೆನೆಟ್. ಅಧ್ಯಾಪಕರೂ ವಿದ್ಯಾರ್ಥಿಗಳೂ ಕೂತು ನಿರ್ಧರಿಸುವ ಈ ಸಭೆಯ ಕಾರ್ಯಕಾರಿ ಸಮಿತಿಯೊಂದಿಗೆ ಸಮಾಲೋಚಿಸದೆ ಅಧ್ಯಕ್ಷರು ಪೊಲೀಸರನ್ನು ಕರೆಯಬಾರದೆಂದು ನಿಯಮಾವಳಿಯಲ್ಲೇ ಬರೆದರು. ಆವರಣದ ಮೇಲೆ ರಕ್ತ ಹರಿದ ಮೇಲೆ ಕಲಿತ ಪಾಠವದು.

1985ರ ಹೋರಾಟ ಆ ಪಾಠದ ನೆರಳಿನಲ್ಲಿ ನಡೆಯಿತು. ವರ್ಣಭೇದ ನೀತಿಯ ದಕ್ಷಿಣ ಆಫ್ರಿಕಾದಲ್ಲಿ ವ್ಯವಹಾರವಿದ್ದ ಕಂಪನಿಗಳ ಷೇರುಗಳನ್ನು ಮಾರಬೇಕೆಂದು ವಿದ್ಯಾರ್ಥಿಗಳು ವರ್ಷಗಳಿಂದ ಕೇಳುತ್ತಿದ್ದರು. ಸೆನೆಟ್ ಒಪ್ಪಿದ್ದರೂ ಟ್ರಸ್ಟಿಗಳು ಅಲುಗಾಡಿರಲಿಲ್ಲ. ಕೆಲವರು ಉಪವಾಸ ಕೂತರು. ಏಪ್ರಿಲ್ 4ರಂದು ಹ್ಯಾಮಿಲ್ಟನ್ ಹಾಲಿನ ಮುಂಬಾಗಿಲಿಗೆ ಸರಪಳಿ ಬಿಗಿದು, ಮೆಟ್ಟಿಲ ಮೇಲೆ ಮೂರು ವಾರ ಕೂತು, ಆ ಕಟ್ಟಡಕ್ಕೆ ಮಂಡೇಲಾ ಹಾಲ್ ಎಂದು ಹೆಸರಿಟ್ಟರು. ಮಳೆಯಲ್ಲೂ ಕದಲಲಿಲ್ಲ. ಆಗಿನ ಅಧ್ಯಕ್ಷ ಮೈಕೆಲ್ ಸೊವರ್ನ್ ಕೋರ್ಟಿಗೆ ಹೋದರೇ ಹೊರತು ಪೊಲೀಸರಿಂದ ಅವರನ್ನು ಎಬ್ಬಿಸಲಿಲ್ಲ. ದಿಗ್ಬಂಧನ ಮುಗಿದಾಗ ವಿದ್ಯಾರ್ಥಿಗಳ ಕೈಯಲ್ಲಿ ಏನೂ ಇರಲಿಲ್ಲ. ಆದರೆ ಅಕ್ಟೋಬರ್‌ನಲ್ಲಿ ಟ್ರಸ್ಟಿಗಳು ಸುಮಾರು 3.9 ಕೋಟಿ ಡಾಲರ್ ಮೌಲ್ಯದ ಷೇರುಗಳನ್ನು ಹಂತಹಂತವಾಗಿ ಮಾರಲು ನಿರ್ಧರಿಸಿದರು. ನಿಧಿಯ ಲೆಕ್ಕದಲ್ಲಿ ಅದು ಸಣ್ಣ ಪಾಲು. ಪ್ರತಿಷ್ಠಿತ ವಿಶ್ವವಿದ್ಯಾಲಯವೊಂದು ಹೀಗೆ ಮಾಡಿತೆಂಬ ಸುದ್ದಿಯ ತೂಕ ಮಾತ್ರ ಅದಕ್ಕಿಂತ ಬಹಳ ದೊಡ್ಡದು.

1985 ಮತ್ತು 2024ರ ಹೋರಾಟಗಳ ನಡುವೆ ದತ್ತಿನಿಧಿಯ ಸ್ವರೂಪವೇ ಬದಲಾಗಿತ್ತು. 1985ರಲ್ಲಿ ಷೇರುಗಳನ್ನು ಕಂಪನಿಯ ಹೆಸರು ಹಿಡಿದು ಗುರುತಿಸಬಹುದಿತ್ತು. ಪಟ್ಟಿ ಮಾಡಿ ಇದನ್ನು ಮಾರಿ ಎನ್ನಬಹುದಿತ್ತು. 2024ರ ಹೊತ್ತಿಗೆ ಕೊಲಂಬಿಯಾದ ದತ್ತಿನಿಧಿ ಸುಮಾರು 1,360 ಕೋಟಿ ಡಾಲರ್. ಅದರ ದೊಡ್ಡ ಭಾಗ ಹೊರಗಿನ ನಿಧಿ ನಿರ್ವಾಹಕರ ಕೈಯಲ್ಲಿದ್ದು, ಯಾವ ಕಂಪನಿಯಲ್ಲಿ ಎಷ್ಟಿದೆ ಎಂಬುದು ಹೊರಗಿನವರಿಗೆ ತಿಳಿಯುವಂತಿಲ್ಲ. ಹಿಂತೆಗೆಯಿರಿ ಎನ್ನುವ ಮೊದಲು ತೋರಿಸಿ ಎನ್ನಬೇಕಾಗಿ ಬಂದದ್ದು ಹೀಗೆ. ‘ತೋರಿಸಿ, ಹಿಂತೆಗೆಯಿರಿ’ ಎಂಬ ಕೂಗನ್ನು ಬರೀ ಘೋಷಣೆಯ ಪ್ರಾಸವೆಂದು ತಳ್ಳಿಹಾಕಿದವರು ಆ ಘೋಷಣೆಯ ಹಿಂದಿದ್ದ ಅಧ್ಯಯನವನ್ನು ಗಮನಿಸಲಿಲ್ಲ.

ನಿಯಮಬದ್ಧ ದಾರಿಯನ್ನು ವಿದ್ಯಾರ್ಥಿಗಳು ತುಳಿಯಲಿಲ್ಲ ಎಂಬ ಆಕ್ಷೇಪಣೆಗೂ ಆಧಾರವಿಲ್ಲ. 2020ರಲ್ಲೇ ಕೊಲಂಬಿಯಾ ಕಾಲೇಜಿನ ಜನಮತದಲ್ಲಿ ಮತ ಹಾಕಿದವರಲ್ಲಿ ಶೇ. 61ರಷ್ಟು ಮಂದಿ ಹೂಡಿಕೆ ಹಿಂತೆಗೆತವನ್ನು ಬೆಂಬಲಿಸಿದ್ದರು. ಆಗಿನ ಅಧ್ಯಕ್ಷ ಲೀ ಬೋಲಿಂಜರ್ ಅದನ್ನು ತಿರಸ್ಕರಿಸಿದರು. 2023ರ ಕೊನೆಯಲ್ಲಿ ಸಾಮಾಜಿಕ ಹೊಣೆಯ ಹೂಡಿಕೆಯ ಸಲಹಾ ಸಮಿತಿಗೆ ಲಿಖಿತ ಪ್ರಸ್ತಾವ ಸಲ್ಲಿಕೆಯಾಯಿತು. ಖಾಸಗಿ ಕಾರಾಗೃಹ ಕಂಪನಿಗಳಿಂದ 2015ರಲ್ಲಿ ಹೂಡಿಕೆ ಹಿಂತೆಗೆದು ಅಮೆರಿಕದ ವಿಶ್ವವಿದ್ಯಾಲಯಗಳಿಗೆ ಮೇಲ್ಪಂಕ್ತಿ ಹಾಕಿಕೊಟ್ಟದ್ದು ಇದೇ ವ್ಯವಸ್ಥೆ. ಪ್ಯಾಲೆಸ್ತೀನಿನ ವಿಷಯದಲ್ಲಿ ಮಾತ್ರ, ಸಮುದಾಯದಲ್ಲಿ ವ್ಯಾಪಕ ಒಮ್ಮತವಿಲ್ಲ ಎಂಬ ಕಾರಣಕ್ಕೆ ಪ್ರಸ್ತಾವ ಬಿದ್ದುಹೋಯಿತು. ಅಷ್ಟರಲ್ಲಿ ಎರಡು ಸಂಘಟನೆಗಳನ್ನು, ಪ್ಯಾಲೆಸ್ತೀನ್‌ಗೆ ನ್ಯಾಯ ಕೇಳುವ ವಿದ್ಯಾರ್ಥಿಗಳದೊಂದು ಮತ್ತು ಶಾಂತಿವಾದಿ ಯೆಹೂದಿಗಳದೊಂದು, 2023ರ ನವೆಂಬರ್‌ನಲ್ಲಿ ಅಮಾನತು ಮಾಡಲಾಗಿತ್ತು. ಡೇರೆಗಳು ಬಂದದ್ದು ಈ ಬಾಗಿಲುಗಳೆಲ್ಲ ಮುಚ್ಚಿದ ಮೇಲೆ.

ಹೊರಗಿನ ಲೋಕದಲ್ಲಿ ಆಗ ನಡೆಯುತ್ತಿದ್ದುದನ್ನು ಮರೆತರೆ ಈ ಆತುರ ಅರ್ಥವಾಗದು. 2023ರ ಅಕ್ಟೋಬರ್ 7ರಂದು ಹಮಾಸ್ ನೇತೃತ್ವದ ದಾಳಿಯಲ್ಲಿ ಇಸ್ರೇಲಿನಲ್ಲಿ ಸುಮಾರು 1,200 ಜನ ಹತರಾಗಿ, ಸುಮಾರು 250 ಜನ ಒತ್ತೆಯಾಳುಗಳಾದರು. ಆ ನಂತರದ ಯುದ್ಧದಲ್ಲಿ, ಗಾಜಾದ ಆರೋಗ್ಯ ಸಚಿವಾಲಯದ ಪ್ರಕಾರ, 2024ರ ಏಪ್ರಿಲ್ ಕೊನೆಯ ಹೊತ್ತಿಗೆ 34,000ಕ್ಕೂ ಹೆಚ್ಚು ಪ್ಯಾಲೆಸ್ತೀನಿಯರು ಸತ್ತಿದ್ದರು. ಗಾಜಾದ ಶಾಲೆ, ವಿಶ್ವವಿದ್ಯಾಲಯಗಳ ವ್ಯವಸ್ಥಿತ ನಾಶದ ಬಗ್ಗೆ ವಿಶ್ವಸಂಸ್ಥೆಯ ತಜ್ಞರು ಕಳವಳ ವ್ಯಕ್ತಪಡಿಸಿದ್ದು ಏಪ್ರಿಲ್ 18ರಂದು, ಕೊಲಂಬಿಯಾದ ಹುಲ್ಲುಹಾಸಿನಿಂದ ವಿದ್ಯಾರ್ಥಿಗಳನ್ನು ಕೈಕಟ್ಟಿ ಒಯ್ದ ದಿನವೇ.

ಆ ಬಂಧನಕ್ಕೆ ಸೆನೆಟ್ಟಿನ ಕಾರ್ಯಕಾರಿ ಸಮಿತಿಯ ಸಮ್ಮತಿ ಇರಲಿಲ್ಲ. ಬಂಧಿತರು ಶಾಂತರಾಗಿದ್ದರು, ಪ್ರತಿರೋಧ ಒಡ್ಡಲಿಲ್ಲ ಎಂದು ಸ್ವತಃ ಹಿರಿಯ ಪೊಲೀಸ್ ಅಧಿಕಾರಿಯೇ ವಿದ್ಯಾರ್ಥಿ ಪತ್ರಿಕೆಗೆ ಹೇಳಿದರು. ಏಪ್ರಿಲ್ 22ರಂದು ನೂರಾರು ಅಧ್ಯಾಪಕರು ಪಾಠ ಬಿಟ್ಟು ಹೊರಬಂದು ಪ್ರತಿಭಟಿಸಿದರು. ಅದೇ ಸಂಜೆ ಶಿಬಿರದಲ್ಲಿ ಯೆಹೂದಿ ವಿದ್ಯಾರ್ಥಿಗಳು ಪಾಸೋವರ್ ಹಬ್ಬದ ಸೇಡರ್ ಊಟಕ್ಕೆ ಕೂತರು. ಮುಸ್ಲಿಮರು ಅಲ್ಲಿಯೇ ನಮಾಜು ಮಾಡುತ್ತಿದ್ದರು, ಒಂದು ಮೂಲೆಯಲ್ಲಿ ಪುಸ್ತಕಗಳಿದ್ದವು, ಉಪನ್ಯಾಸಗಳು ನಡೆಯುತ್ತಿದ್ದವು. ಇದರ ಜೊತೆಗೆ ಇನ್ನೊಂದು ಸತ್ಯವನ್ನೂ ಹೇಳಬೇಕು. ಗೇಟಿನ ಹೊರಗೂ ಒಳಗೂ ಕೆಲವರು ಆಡಿದ ಮಾತು ಯೆಹೂದಿ ವಿದ್ಯಾರ್ಥಿಗಳಲ್ಲಿ ನಿಜವಾದ ಭಯ ಹುಟ್ಟಿಸಿತು. ಜಿಯೋನಿಸ್ಟರು ಬದುಕಿರಬಾರದೆಂಬರ್ಥದ ಮಾತಾಡಿದ್ದ ಹೋರಾಟದ ವಕ್ತಾರರೊಬ್ಬರನ್ನು ಆವರಣದಿಂದ ಹೊರಗಿಡಲಾಯಿತು. ಆ ಮಾತು ಖಂಡನೀಯ, ಮತ್ತು ಅದರಿಂದ ಹೆಚ್ಚು ಹಾನಿಯಾದದ್ದು ಪ್ಯಾಲೆಸ್ತೀನಿಯರ ಪರವಾದ ವಾದಕ್ಕೇ. ಆದರೆ ಅಂಥ ಮಾತಿಗೆ ಕೊಡಬೇಕಾದ ಶಿಕ್ಷೆಯನ್ನು ದತ್ತಿನಿಧಿಯ ಪ್ರಶ್ನೆ ಕೇಳಿದ ಎಲ್ಲರ ಮೇಲೂ ಹೊರಿಸುವುದು ನ್ಯಾಯವಲ್ಲ.

ಆಡಳಿತ ಮತ್ತು ವಿದ್ಯಾರ್ಥಿಗಳ ನಡುವಿನ ಮಾತುಕತೆ ಮುರಿದ ಏಪ್ರಿಲ್ 29ರಂದು ಶಫೀಕ್ ಅವರು ಇಸ್ರೇಲ್‌ನಿಂದ ಹೂಡಿಕೆ ಹಿಂತೆಗೆಯುವುದಿಲ್ಲ ಎಂದು ಪ್ರಕಟಿಸಿದರು. ನೇರ ಹೂಡಿಕೆಗಳ ಪಟ್ಟಿಯನ್ನು ನೋಡಲು ವಿದ್ಯಾರ್ಥಿಗಳಿಗೆ ಅವಕಾಶ, ಹೊಸ ಪ್ರಸ್ತಾವಗಳ ಶೀಘ್ರ ಪರಿಶೀಲನೆ, ಗಾಜಾದ ಆರೋಗ್ಯ ಮತ್ತು ಶಿಕ್ಷಣಕ್ಕೆ ನೆರವು, ಇಷ್ಟನ್ನು ಮುಂದಿಟ್ಟಿದ್ದಾಗಿ ಹೇಳಿದರು. ಹೂಡಿಕೆಯ ದೊಡ್ಡ ಪಾಲು ನೇರವಲ್ಲದಿರುವಾಗ ಮೊದಲ ಭರವಸೆಯ ಬೆಲೆ ಎಷ್ಟೆಂಬುದನ್ನು ವಿದ್ಯಾರ್ಥಿಗಳು ಬಲ್ಲರು. ಆ ರಾತ್ರಿ ಕಳೆದು ಬೆಳಗಾಗುವ ಮೊದಲೇ ಒಂದು ಗುಂಪು ಹ್ಯಾಮಿಲ್ಟನ್ ಹಾಲಿಗೆ ನುಗ್ಗಿತು. ಜನವರಿಯಲ್ಲಿ ಗಾಜಾ ನಗರದಲ್ಲಿ ಕಾರಿನೊಳಗೆ ಸಿಲುಕಿ ಪ್ರಾಣ ಬಿಟ್ಟ ಪುಟ್ಟ ಹುಡುಗಿ ಹಿಂದ್ ರಜಬ್‌ಳ ಹೆಸರಿನ ಬಟ್ಟೆಯನ್ನು ಕಿಟಕಿಯಿಂದ ಇಳಿಬಿಟ್ಟಿತು. ಗಾಜು ಒಡೆಯಿತು, ಬಾಗಿಲಿಗೆ ಅಡ್ಡ ಪೀಠೋಪಕರಣ ಬಿತ್ತು. ಏಪ್ರಿಲ್ 30ರ ರಾತ್ರಿ, 1968ರ ಬಂಧನದ ದಿನಾಂಕದಂದೇ, ಪೊಲೀಸರು ಏಣಿ ಹೊತ್ತ ವಾಹನದಿಂದ ಎರಡನೇ ಮಹಡಿಯ ಕಿಟಕಿಯ ಮೂಲಕ ಒಳಹೊಕ್ಕು ನೂರಕ್ಕೂ ಹೆಚ್ಚು ಮಂದಿಯನ್ನು ಬಂಧಿಸಿದರು. ವಿದ್ಯಾರ್ಥಿಗಳೇ ನಡೆಸುವ ಡಬ್ಲ್ಯೂಕೆಸಿಆರ್ ರೇಡಿಯೊ ಅಂದು ರಾತ್ರಿ ನೇರ ಪ್ರಸಾರ ಮಾಡುತ್ತಿತ್ತು. ಹೊರಗಿನ ಪತ್ರಕರ್ತರಿಗೆ ಒಳಗೆ ಪ್ರವೇಶವಿಲ್ಲದಿದ್ದಾಗ ಲೋಕಕ್ಕೆ ಸುದ್ದಿ ತಲುಪಿದ್ದು ಆ ಯುವಕ ಯುವತಿಯರ ದನಿಯಲ್ಲಿ.

ಬೇರೆ ದಾರಿ ಇರಲಿಲ್ಲವೆನ್ನಲಾಗದು. ಅದೇ ವರ್ಷದ ಮೇ 3ರಂದು ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನಲ್ಲಿ ಡೇರೆಗಳೆದ್ದವು, 8ರಂದು ಒಪ್ಪಂದವಾಯಿತು. ಆಕ್ರಮಿತ ಪ್ರದೇಶಗಳಲ್ಲಿ ವ್ಯವಹಾರವಿದ್ದು ವಿಶ್ವಸಂಸ್ಥೆಯ ಪಟ್ಟಿಯಲ್ಲಿರುವ ಇಸ್ರೇಲಿ ಕಂಪನಿಗಳಿಂದ ಹೂಡಿಕೆ ಹಿಂತೆಗೆಯಲು ಕಾಲೇಜು ಒಪ್ಪಿತು. ಸಾರ್ವಜನಿಕವಾಗಿ ಲಭ್ಯವಿರುವ ಪಟ್ಟಿಯೊಂದು ಮಾತುಕತೆಗೆ ಅಳತೆಗೋಲಾಯಿತು. ಹಾಗೆಂದು ಎಲ್ಲ ಒಪ್ಪಂದಗಳೂ ಫಲಿಸಲಿಲ್ಲ. ಬ್ರೌನ್ ವಿಶ್ವವಿದ್ಯಾಲಯ ಮತಕ್ಕೆ ಹಾಕುತ್ತೇವೆಂದು ಶಿಬಿರ ತೆರವು ಮಾಡಿಸಿ, ಅಕ್ಟೋಬರ್‌ನಲ್ಲಿ ಪ್ರಸ್ತಾವವನ್ನು ತಿರಸ್ಕರಿಸಿತು. ಆದರೂ ಅಲ್ಲಿ ಉತ್ತರ ಕೊಟ್ಟವರು ಹಣದ ಹೊಣೆ ಹೊತ್ತವರೇ.

ಕೊಲಂಬಿಯಾದಲ್ಲಿ ಉತ್ತರಿಸುವವರು ಬೇರೆಯಾಗಿದ್ದರು. ಶಫೀಕ್ ಆಗಸ್ಟ್‌ನಲ್ಲಿ ರಾಜೀನಾಮೆ ಕೊಟ್ಟರು. 2025ರ ಮಾರ್ಚ್‌ನಲ್ಲಿ ಅಮೆರಿಕದ ಕೇಂದ್ರ ಸರ್ಕಾರ ಕೊಲಂಬಿಯಾದ 40 ಕೋಟಿ ಡಾಲರ್ ಅನುದಾನ ಹಾಗೂ ಗುತ್ತಿಗೆಗಳನ್ನು ರದ್ದುಪಡಿಸಿತು; ಮಾತುಕತೆಯಲ್ಲಿ ವಿದ್ಯಾರ್ಥಿಗಳ ಪರ ನಿಂತಿದ್ದ ಮಹಮೂದ್ ಖಲೀಲ್ ಅವರನ್ನು, ಕಾಯಂ ನಿವಾಸಿಯಾಗಿದ್ದರೂ, ವಲಸೆ ಅಧಿಕಾರಿಗಳು ಬಂಧಿಸಿದರು. ವಿದ್ಯಾರ್ಥಿ ವೀಸಾದ ಮೇಲೆ ಅಮೆರಿಕಕ್ಕೆ ಹೋಗಿರುವ ನಮ್ಮ ಊರುಗಳ ಮಕ್ಕಳೂ ಈಗ ಒಂದು ಮನವಿಗೆ ಸಹಿ ಹಾಕುವ ಮುನ್ನ ಯೋಚಿಸಬೇಕಾಗಿದೆ. ಜುಲೈನಲ್ಲಿ, ಸರ್ಕಾರದೊಂದಿಗಿನ ಈ ವಿವಾದವನ್ನು ಬಗೆಹರಿಸಲು, ವಿಶ್ವವಿದ್ಯಾಲಯವು ಅದಕ್ಕೆ 20 ಕೋಟಿ ಡಾಲರ್‌ಗೂ ಹೆಚ್ಚು ಕಟ್ಟಲು ಒಪ್ಪಿತು. 1985ರಲ್ಲಿ ಮಾರಲು ನಿರ್ಧರಿಸಿದ ಷೇರುಗಳ ಮೌಲ್ಯದ ಐದು ಪಟ್ಟಿಗಿಂತ ಹೆಚ್ಚು ಹಣವದು. ಪ್ರತಿಭಟನೆಯ ಶಿಸ್ತು ಪ್ರಕರಣಗಳನ್ನು ತೀರ್ಮಾನಿಸುವ ಮಂಡಳಿಯನ್ನು ಅದಕ್ಕೂ ಮೊದಲೇ, ಮಾರ್ಚ್‌ನಲ್ಲಿ, ಮುಖ್ಯ ಶೈಕ್ಷಣಿಕ ಅಧಿಕಾರಿಯಾದ ಪ್ರೊವೋಸ್ಟ್ ಅವರ ಕಚೇರಿಯ ಅಧೀನಕ್ಕೆ ತಂದು, ಅದರಲ್ಲಿ ಅಧ್ಯಾಪಕರು ಮತ್ತು ಆಡಳಿತಗಾರರು ಮಾತ್ರ ಇರಬೇಕೆಂದು ಪ್ರಕಟಿಸಲಾಗಿತ್ತು. ವಿದ್ಯಾರ್ಥಿಗಳಿಗೆ ಅಲ್ಲಿ ಈಗ ಸ್ಥಾನವಿಲ್ಲ.