ಜಿದ್ದು

ಜಿದ್ದು (ನಾಮಪದ): ಹಟ, ಬಿಟ್ಟುಕೊಡದ ಪೈಪೋಟಿ.

ಇದು ಅರಬ್ಬಿ ಮೂಲದ ಪದ. ಅಲ್ಲಿ ಇದರ ಅರ್ಥ ‘ವಿರುದ್ಧವಾದದ್ದು’. ಪಾರಸಿ, ಹಿಂದೂಸ್ತಾನಿಗಳನ್ನು ದಾಟಿ ಬರುವಾಗ ಹಟದ ಅರ್ಥವೂ ಅಂಟಿಕೊಂಡಿತು. ಕನ್ನಡದಲ್ಲಿ ‘ಜಿದ್ದಿಗೆ ಬೀಳು’, ‘ಜಿದ್ದು ಸಾಧಿಸು’ ಎನ್ನುತ್ತೇವೆ. ಇಬ್ಬರೂ ಪಟ್ಟು ಬಿಡದಿದ್ದರೆ ಅದು ‘ಜಿದ್ದಾಜಿದ್ದಿ’.

ಜಿದ್ದಿಗೆ ಹತ್ತಿರದ, ಆದರೆ ಬೇರೆಯೇ ಆದ ಪದ ‘ಹಗೆ’. ಅದು ಹಳಗನ್ನಡದ ‘ಪಗೆ’ಯಿಂದ ಬಂದದ್ದು, ತಮಿಳಿನ ‘ಪಗೈ’, ತೆಲುಗಿನ ‘ಪಗ’ ಇದರ ಒಡಹುಟ್ಟುಗಳು. ಹಗೆಗೆ ಹಳೆಯ ಗಾಯವೊಂದು ಬೇಕು. ಜಿದ್ದಿಗೆ ಎದುರಾಳಿಯೊಬ್ಬ ಇದ್ದರೆ ಸಾಕು.

ರಾಷ್ಟ್ರಗಳೂ ಜಿದ್ದಿಗೆ ಬೀಳುತ್ತವೆ. 1898ರಲ್ಲಿ ಜರ್ಮನಿ ನೌಕಾಪಡೆ ಬೆಳೆಸುವ ಕಾನೂನು ತಂದಿತು. 1906ರಲ್ಲಿ ಬ್ರಿಟನ್ ‘ಡ್ರೆಡ್‌ನಾಟ್’ ಎಂಬ ದೈತ್ಯ ಯುದ್ಧನೌಕೆಯನ್ನು ನೀರಿಗಿಳಿಸಿತು. ಮರುವರ್ಷವೇ ಜರ್ಮನಿಯೂ ಅಂಥವನ್ನು ಕಟ್ಟತೊಡಗಿತು. 1909ರಲ್ಲಿ ಬ್ರಿಟನ್ ಸರ್ಕಾರ ಸದ್ಯಕ್ಕೆ ನಾಲ್ಕು ನೌಕೆ ಸಾಕೆಂದರೆ ಜನ ಎಂಟು ಬೇಕೆಂದರು. ಕೊನೆಗೆ ಎಂಟನ್ನೂ ಕಟ್ಟಲಾಯಿತು. ಒಬ್ಬರು ರಕ್ಷಣೆಗೆಂದು ಕಟ್ಟಿದ್ದು ಇನ್ನೊಬ್ಬರ ಕಣ್ಣಿಗೆ ದಾಳಿಯ ಸಿದ್ಧತೆಯಾಗಿ ಕಂಡಿತು. 1914ರ ಜೂನ್ 28ರಂದು ಸರಾಯೆವೊದಲ್ಲಿ ಆಸ್ಟ್ರಿಯಾ-ಹಂಗೆರಿಯ ಸಿಂಹಾಸನದ ಉತ್ತರಾಧಿಕಾರಿಯ ಮೇಲೆ ಗುಂಡು ಹಾರಿತು. ಆ ಬಿಕ್ಕಟ್ಟು ಹರಡಿ, ಆಗಸ್ಟ್ 4ಕ್ಕೆ ಬ್ರಿಟನ್, ಜರ್ಮನಿ ಎರಡೂ ಯುದ್ಧದಲ್ಲಿದ್ದವು. ಯುದ್ಧಕ್ಕೆ ಕಾರಣ ಈ ನೌಕಾ ಪೈಪೋಟಿಯೊಂದೇ ಅಲ್ಲ. ಆದರೆ ವರ್ಷಗಟ್ಟಲೆ ಬೆಳೆದ ಜಿದ್ದು ಹಿಂದೆ ಸರಿಯುವ ದಾರಿಯನ್ನು ಕಿರಿದಾಗಿಸಿತ್ತು.

ಬಳಕೆ: ಜಿದ್ದಿಗೆ ಬಿದ್ದವರು ಗೆದ್ದರೂ ಸೋತಂತೆಯೇ.