ಸ್ವಯಂಸೇವಕ ಪ್ರವಾಸಿಗರು ಮತ್ತು ಆತಿಥೇಯ ಸಂಸ್ಥೆಗಳು: ಪರಸ್ಪರ ನಿರೀಕ್ಷೆಗಳು

ರಜೆಯಲ್ಲಿ ಸೇವೆಗೆಂದು ಬೀದರಿನ ಮೈಲೂರಿನಂಥ ಕಡೆಗೆ ಹೋಗುವವರು ಉಪಯುಕ್ತ ಕೆಲಸ, ಮಾರ್ಗದರ್ಶನ ಬಯಸುತ್ತಾರೆ. ಸಂಸ್ಥೆ ಸಮಯಪಾಲನೆ, ಸ್ಥಳೀಯರ ಬಗ್ಗೆ ಗೌರವ ಬಯಸುತ್ತದೆ. ಇವೆಲ್ಲ ಹೊರಡುವ ಮೊದಲೇ ಬರಹದಲ್ಲಿರಲಿ ಎಂಬುದು ನಮ್ಮ ಸಲಹೆ.

ಭಾಷೆ: ಬೀದರಿನಲ್ಲಿ ಕನ್ನಡದೊಂದಿಗೆ ಉರ್ದು, ಮರಾಠಿ, ತೆಲುಗು ಮಾತೂ ಇದೆ. ಸಂಸ್ಥೆ ಸ್ಥಳೀಯ ಕಾರ್ಯಕರ್ತರೊಬ್ಬರನ್ನು ಜೊತೆಗೆ ಕೊಡಬೇಕು.

ವೀಸಾ: ಇ-ಪ್ರವಾಸಿ ವೀಸಾದಲ್ಲಿ ಬಂದ ವಿದೇಶೀಯರು ಗರಿಷ್ಠ 1 ತಿಂಗಳು, ಯಾವುದೇ ಪ್ರತಿಫಲವಿಲ್ಲದೆ ಮಾತ್ರ ಸೇವೆ ಮಾಡಬಹುದು. ಊಟ, ವಸತಿಯ ಖರ್ಚು ಯಾರದೆಂದು ಮೊದಲೇ ತೀರ್ಮಾನವಾಗಲಿ.

ಮಕ್ಕಳು: 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಮಿನಂತೆ ಪಾಲನೆ, ರಕ್ಷಣೆ ಅಗತ್ಯವಿರುವ ಮಗುವಿನ ಗುರುತನ್ನು ಮಾಧ್ಯಮಗಳಲ್ಲಿ ಬಹಿರಂಗಪಡಿಸುವಂತಿಲ್ಲ. ಆದ್ದರಿಂದ ಅವರ ಫೋಟೊ ಹಂಚಬೇಡಿ. ಎರಡು ವಾರದ ಅತಿಥಿಗೆ ಮಕ್ಕಳ ಆರೈಕೆಗಿಂತ ಶಿಕ್ಷಕರಿಗೆ ನೆರವಾಗುವ ಕೆಲಸವೇ ಮೇಲು. ಅತಿಥಿ ಹೊರಟ ಮೇಲೆ ಅಳುವ ಮಗು ಉಳಿಯಬಾರದು.