ಪ್ಯಾಟ್ಸಿ ಕ್ಲೈನ್, ಐವತ್ತೊಂದು ಹಾಡು ಮತ್ತು ಒಂದು ಬಾಂಡು

ಕಳೆದ ವಾರ ಚಿಕ್ಕಪ್ಪನ ಮಗಳು ವಾಟ್ಸಾಪಿನಲ್ಲಿ ಒಂದು ಪಿಡಿಎಫ್ ಕಳಿಸಿದ್ದಳು. ಕ್ಯಾಂಪಸ್‌ನಲ್ಲಿ ಸಿಕ್ಕ ಮೊದಲ ಕೆಲಸದ ಆಫರ್ ಲೆಟರ್. "ಅಣ್ಣಾ, ಎರಡು ವರ್ಷ ಬಾಂಡ್ ಇದೆ, ಸೈನ್ ಮಾಡ್ಲಾ?" ಅಂತ ಕೆಳಗೊಂದು ಸಾಲು. ಉತ್ತರ ಟೈಪ್ ಮಾಡಿದೆ, ಅಳಿಸಿದೆ, ಮತ್ತೆ ಟೈಪ್ ಮಾಡಿದೆ.. ಯಾಕಂದ್ರೆ ನಾನೂ ಒಂದು ಕಾಲದಲ್ಲಿ ಅಂಥದ್ದೇ ಕಾಗದಕ್ಕೆ ಓದದೆ ಸೈನ್ ಹಾಕಿದವನು. ಎರಡು ವರ್ಷ ನನಗೆ ಬೇಡದ ಟೆಕ್ನಾಲಜಿಯಲ್ಲಿ, ಯಾರೋ ಬರೆದಿಟ್ಟ ಹಳೇ ಕೋಡಿಗೆ ತೇಪೆ ಹಾಕುತ್ತಾ ಕೂತಿದ್ದೆ. ಬಿಟ್ಟು ಹೋಗೋಣ ಅಂದ್ರೆ ಕಟ್ಟಬೇಕಾದ ದುಡ್ಡು ಅಪ್ಪನ ಆರು ತಿಂಗಳ ಸಂಬಳ.

ಆ ಎರಡು ವರ್ಷದಲ್ಲಿ ನನಗೆ ದಕ್ಕಿದ ಒಂದೇ ಒಂದು ಒಳ್ಳೆಯ ವಸ್ತು ಅಂದ್ರೆ ಒಂದು ಹಾಡು. ನಮ್ಮ ಕ್ಲೈಂಟ್ ಅಮೆರಿಕದ ನ್ಯಾಶ್‌ವಿಲ್ ಊರಿನವರು. ಒಂದು ರಾತ್ರಿ ರಿಲೀಸ್ ಇತ್ತು. ಬಿಲ್ಡ್ ಮುಗಿಯೋಕೆ ನಲವತ್ತು ನಿಮಿಷ ಬೇಕು, ಕಾಲ್ ಕಟ್ ಮಾಡುವ ಹಾಗಿಲ್ಲ. ಆ ಕಡೆ ಇದ್ದ ಹಿರಿಯರೊಬ್ಬರು, ಸುಮ್ಮನೆ ಕೂರೋದು ಯಾಕೆ ಅಂತ ಹಾಡು ಹಾಕಿದರು. ನಿಧಾನಕ್ಕೆ ಒಂದು ಪಿಯಾನೋ, ಅದರ ಹಿಂದೆ ಒಂದು ಹೆಣ್ಣು ದನಿ. ಅಳುತ್ತಿಲ್ಲ, ಆದರೆ ಅತ್ತು ಮುಗಿಸಿ ಈಗಷ್ಟೇ ಮುಖ ತೊಳೆದು ಬಂದ ಹಾಗಿದೆ. ಹಾಡಿನ ಹೆಸರು 'ಕ್ರೇಜಿ', ಹಾಡಿದಾಕೆ ಪ್ಯಾಟ್ಸಿ ಕ್ಲೈನ್. ಬಿಲ್ಡ್ ಫೇಲ್ ಆಯ್ತು, ಅದು ಬೇರೆ ವಿಷಯ. ಆಮೇಲೆ ಈಕೆಯ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಓದಿದಾಗ ಗೊತ್ತಾಗಿದ್ದು, ಇವಳೂ ಒಂದು ಬಾಂಡಿಗೆ ಸೈನ್ ಹಾಕಿದವಳು! ಆ ಕತೆಯನ್ನೇ ಇಲ್ಲಿ ಹೇಳೋಣ ಅಂತ.

ಕಂಟ್ರಿ ಮ್ಯೂಸಿಕ್ ಅಂದ್ರೆ ಅಮೆರಿಕದ ದಕ್ಷಿಣ ಭಾಗದ ಹಳ್ಳಿಗಾಡಿನ ಬಿಳಿಯ ದುಡಿಯುವ ಜನರ ನಡುವೆ ಬೆಳೆದ ಸಂಗೀತ. ಫಿಡ್ಲು, ಗಿಟಾರು, ಬ್ಯಾಂಜೋ. ಕುಡಿತ, ಮೋಸ ಹೋದ ಪ್ರೀತಿ, ಬಿಟ್ಟು ಬಂದ ಊರು. ಈಗ ಅದು ಕೋಟಿಗಟ್ಟಲೆ ಡಾಲರಿನ ವ್ಯಾಪಾರ. ಆದರೆ 1950ರ ದಶಕದ ಆರಂಭದಲ್ಲಿ ಅಲ್ಲಿನ ರೆಕಾರ್ಡ್ ಕಂಪನಿಗಳಿಗೆ ಒಂದು ನಂಬಿಕೆ ಇತ್ತು - ಹೆಂಗಸರ ರೆಕಾರ್ಡುಗಳು ಮಾರಾಟ ಆಗಲ್ಲ ಅಂತ. 1952ರಲ್ಲಿ ಕಿಟ್ಟಿ ವೆಲ್ಸ್ ಎಂಬ ಗಾಯಕಿ ಬಿಲ್‌ಬೋರ್ಡಿನ ಕಂಟ್ರಿ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಬಂದಳು. ಒಬ್ಬಳೇ ಹಾಡಿ ಅಲ್ಲಿಗೆ ತಲುಪಿದ ಮೊದಲ ಹೆಣ್ಣು ಅವಳು. ಅಷ್ಟಾದರೂ ಆ ನಂಬಿಕೆ ಪೂರ್ತಿ ಹೋಗಿರಲಿಲ್ಲ.

ಪ್ಯಾಟ್ಸಿಯ ನಿಜ ಹೆಸರು ವರ್ಜೀನಿಯಾ ಪ್ಯಾಟರ್ಸನ್ ಹೆನ್ಸ್ಲಿ. ಹುಟ್ಟಿದ್ದು 1932ರ ಸೆಪ್ಟೆಂಬರ್ 8, ವರ್ಜೀನಿಯಾ ರಾಜ್ಯದ ವಿಂಚೆಸ್ಟರ್ ಊರಿನಲ್ಲಿ. ಅಪ್ಪ ಕಮ್ಮಾರ, ಅಮ್ಮ ಹಿಲ್ಡಾ ಬಟ್ಟೆ ಹೊಲಿಯುತ್ತಿದ್ದವಳು. ಮಗಳು ಹುಟ್ಟಿದಾಗ ಆ ಅಮ್ಮನಿಗಿನ್ನೂ ಹದಿನಾರು ವರ್ಷ. ಪ್ಯಾಟ್ಸಿ ಹದಿಹರೆಯದಲ್ಲಿದ್ದಾಗ ಅಪ್ಪ ಮನೆ ಬಿಟ್ಟು ಹೋದ. ಓದು ಅಲ್ಲಿಗೇ ನಿಂತಿತು. ಮೆಡಿಕಲ್ ಶಾಪಿನ ಸೋಡಾ ಕೌಂಟರಿನಲ್ಲಿ ಕೆಲಸ, ರಾತ್ರಿ ಹೊತ್ತು ಕ್ಲಬ್ಬುಗಳಲ್ಲಿ ಹಾಡು. ಸ್ವರಲಿಪಿ ಓದಲು ಬರುತ್ತಿರಲಿಲ್ಲ, ಎಲ್ಲ ಕೇಳಿಯೇ ಕಲಿತದ್ದು. ಹದಿಮೂರನೇ ವಯಸ್ಸಿನಲ್ಲಿ ಗಂಟಲಿನ ಸೋಂಕು ಮತ್ತು ಜ್ವರದಿಂದ ಸಾಯುವ ಹಾಗೆ ಮಲಗಿದ್ದಳಂತೆ, ಎದ್ದ ಮೇಲೆ ದನಿ ಗಟ್ಟಿಯಾಗಿತ್ತು ಅಂತ ಅವಳೇ ಹೇಳಿಕೊಂಡಿದ್ದಾಳೆ. ವೇದಿಕೆಗೆ ಹಾಕುವ ಕೌಗರ್ಲ್ ಬಟ್ಟೆಗಳನ್ನು ಅಮ್ಮನೇ ಹೊಲಿದು ಕೊಡುತ್ತಿದ್ದಳು. 1952ರಲ್ಲಿ ಬಿಲ್ ಪಿಯರ್ ಎಂಬಾತನ ವಾದ್ಯತಂಡ ಸೇರಿದಳು. ಪ್ಯಾಟರ್ಸನ್ ಹೋಗಿ ಪ್ಯಾಟ್ಸಿ ಆದದ್ದು ಅಲ್ಲೇ. 'ಕ್ಲೈನ್' ಅನ್ನೋದು 1953ರಲ್ಲಿ ಮದುವೆಯಾದ ಮೊದಲ ಗಂಡನ ಹೆಸರು. ಮದುವೆ ನಾಲ್ಕು ವರ್ಷಕ್ಕೆ ಮುರಿಯಿತು, ಹೆಸರು ಉಳೀತು.

ಈಗ ಬಾಂಡಿನ ವಿಷಯಕ್ಕೆ ಬರೋಣ. 1954ರ ಸೆಪ್ಟೆಂಬರ್ 30ರಂದು ಪ್ಯಾಟ್ಸಿ ಫೋರ್ ಸ್ಟಾರ್ ಎಂಬ ಕ್ಯಾಲಿಫೋರ್ನಿಯಾದ ಕಂಪನಿಯ ಕರಾರಿಗೆ ಸಹಿ ಹಾಕಿದಳು. ಅದರ ಯಜಮಾನ ಬಿಲ್ ಮೆಕಾಲ್. ಇಪ್ಪತ್ತೆರಡರ ಹುಡುಗಿ, ರೆಕಾರ್ಡ್ ಮಾಡ್ತೀವಿ ಅಂತ ಯಾರೋ ಕರೆದದ್ದೇ ದೊಡ್ಡದು. ಹೆಸರಿಗೆ ಎರಡು ವರ್ಷದ ಕರಾರು, ಮುಂದುವರಿಯುತ್ತಾ ಹೋಗಿ 1960ರವರೆಗೂ ಬಿಡಲಿಲ್ಲ. ಮಾರಾಟದಲ್ಲಿ ಅವಳ ಪಾಲು ಶೇಕಡಾ 2.34, ಅಂದರೆ ಬೇರೆ ಕಂಪನಿಗಳು ಕೊಡುತ್ತಿದ್ದದ್ದರ ಸುಮಾರು ಅರ್ಧ. ಅದರಲ್ಲೂ ಸ್ಟುಡಿಯೋ ಖರ್ಚು, ವಾದ್ಯದವರ ಕೂಲಿ ಎಲ್ಲ ಕಳೆದು ಉಳಿದದ್ದು. ಇದಕ್ಕಿಂತ ಮುಖ್ಯವಾದ ಷರತ್ತು ಇನ್ನೊಂದಿತ್ತು: ಫೋರ್ ಸ್ಟಾರ್ ಒಪ್ಪಿದ ಹಾಡುಗಳನ್ನು ಮಾತ್ರ ಹಾಡಬೇಕು. ಒಪ್ಪುತ್ತಿದ್ದದ್ದು ಹೆಚ್ಚಾಗಿ ತನ್ನದೇ ಹಕ್ಕಿನ ಹಾಡುಗಳನ್ನು.

ಇದು ಯಾಕೆ ಮುಖ್ಯ ಅಂತ ನನಗೂ ಮೊದಲು ಹೊಳೆದಿರಲಿಲ್ಲ. ಒಂದು ರೆಕಾರ್ಡ್ ಮಾರಾಟವಾದರೆ ದುಡ್ಡು ಎರಡು ಕಾಲುವೆಯಲ್ಲಿ ಹರಿಯುತ್ತದೆ. ಒಂದು ಹಾಡಿದವರಿಗೆ. ಇನ್ನೊಂದು ಹಾಡು ಬರೆದವರಿಗೆ ಮತ್ತು ಆ ಹಾಡಿನ ಹಕ್ಕು ಇಟ್ಟುಕೊಂಡ ಪಬ್ಲಿಷರ್‌ಗೆ. ಮೆಕಾಲ್ ಪಬ್ಲಿಷರ್ ಕೂಡಾ ಆಗಿದ್ದ. ತನ್ನ ಹಾಡನ್ನೇ ಹಾಡಿಸಿದರೆ ಎರಡನೇ ಕಾಲುವೆಯೂ ಅವನ ಗದ್ದೆಗೇ! ಅಷ್ಟೂ ಸಾಲದು ಅಂತ ಡಬ್ಲ್ಯೂ. ಎಸ್. ಸ್ಟೀವನ್ಸನ್ ಎಂಬ ಸುಳ್ಳು ಹೆಸರಿನಲ್ಲಿ ಎಷ್ಟೋ ಹಾಡುಗಳಿಗೆ ಬರಹಗಾರನಾಗಿ ತನ್ನನ್ನೇ ಸೇರಿಸಿಕೊಳ್ಳುತ್ತಿದ್ದ. ಪಕ್ಕದ ಸೀಟಿನವನು ಬರೆದ ಕೋಡನ್ನು ತನ್ನ ಹೆಸರಲ್ಲಿ ಕಮಿಟ್ ಮಾಡೋರನ್ನ ನೋಡಿದ್ದೀವಲ್ಲ, ಅದೇ ಜಾತಿ. ಹಾಡು ಒಳ್ಳೆಯದಾ ಅನ್ನೋದು ಇಲ್ಲಿ ಪ್ರಶ್ನೆಯೇ ಅಲ್ಲ, ಹಾಡು ಯಾರದ್ದು ಅನ್ನೋದಷ್ಟೇ ಪ್ರಶ್ನೆ.

ಒಂದು ಅದೃಷ್ಟ ಅಂದ್ರೆ, ಫೋರ್ ಸ್ಟಾರ್ ಅವಳ ರೆಕಾರ್ಡಿಂಗುಗಳನ್ನು ಡೆಕ್ಕಾ ಎಂಬ ದೊಡ್ಡ ಕಂಪನಿಗೆ ಗುತ್ತಿಗೆ ಕೊಟ್ಟಿತು. ಹೀಗಾಗಿ 1955ರ ಜೂನ್ 1ರಂದು ನ್ಯಾಶ್‌ವಿಲ್‌ನಲ್ಲಿ ಮೊದಲ ಸೆಷನ್ನಿಗೆ ಹೋದಾಗ ಅವಳಿಗೆ ಓವೆನ್ ಬ್ರಾಡ್ಲಿ ಸಿಕ್ಕಿದ. ಪಿಯಾನೋ ನುಡಿಸುತ್ತಿದ್ದ, ಒಳ್ಳೆಯ ಕಿವಿಯ ಮನುಷ್ಯ. ಅವಳು ಸಾಯುವವರೆಗೂ ಹೆಚ್ಚಿನ ಸೆಷನ್ನುಗಳ ಹಿಂದೆ ಇದ್ದವನು ಅವನೇ. ಮೊದಲ ಕೆಲವು ರೆಕಾರ್ಡುಗಳು ಬಂದವು, ಹೋದವು, ಯಾರೂ ಕೇಳಲಿಲ್ಲ.

1956ರ ನವೆಂಬರ್ 8ರಂದು 'ವಾಕಿನ್ ಆಫ್ಟರ್ ಮಿಡ್‌ನೈಟ್' ರೆಕಾರ್ಡ್ ಆಯ್ತು. ಪ್ಯಾಟ್ಸಿಗೆ ಆ ಹಾಡು ಇಷ್ಟವೇ ಇರಲಿಲ್ಲ. ಅವಳಿಗೆ ಇಷ್ಟವಾದ ಇನ್ನೊಂದು ಹಾಡನ್ನೂ ರೆಕಾರ್ಡ್ ಮಾಡೋಣ ಅಂತಾದ ಮೇಲೆ ಒಪ್ಪಿಕೊಂಡಳು. 1957ರ ಜನವರಿ 21ರಂದು ಆರ್ಥರ್ ಗಾಡ್‌ಫ್ರೀ ಎಂಬುವನ ಟಿವಿ ಪ್ರತಿಭಾ ಸ್ಪರ್ಧೆಗೆ ಹೋದಳು. ಅಲ್ಲಿ ಪ್ರತಿಯೊಬ್ಬ ಸ್ಪರ್ಧಿಯನ್ನೂ ಯಾರಾದರೂ ಪರಿಚಯಿಸಬೇಕು. ಪ್ಯಾಟ್ಸಿಯನ್ನು ಪರಿಚಯಿಸಿದ್ದು ಅಮ್ಮ ಹಿಲ್ಡಾ. ಅಮ್ಮ ಹೊಲಿದ ಕೌಗರ್ಲ್ ಬಟ್ಟೆ ಬೇಡ, ಪೇಟೆ ಹೆಂಗಸರ ಹಾಗೆ ಡ್ರೆಸ್ ಹಾಕು ಅಂದರು. ತನ್ನ ಇಷ್ಟದ ಹಾಡು ಹಾಡ್ತೀನಿ ಅಂದಳು, ಅದೂ ಬೇಡ ಅಂದರು. ಕಡೆಗೆ ತನಗಿಷ್ಟವಿಲ್ಲದ ಹಾಡನ್ನು ತನ್ನದಲ್ಲದ ಬಟ್ಟೆಯಲ್ಲಿ ಹಾಡಿ ಗೆದ್ದಳು! ರೆಕಾರ್ಡು ಕಂಟ್ರಿ ಪಟ್ಟಿಯಲ್ಲಿ 2ನೇ ಸ್ಥಾನ, ಪಾಪ್ ಪಟ್ಟಿಯಲ್ಲಿ 12ನೇ ಸ್ಥಾನಕ್ಕೆ ಹೋಯಿತು. ಹಳ್ಳಿ ಪಟ್ಟಿಯಿಂದ ಪೇಟೆ ಪಟ್ಟಿಗೆ ಹೀಗೆ ದಾಟಿದ ಕಂಟ್ರಿ ಗಾಯಕಿಯರು ಆಗ ತೀರಾ ವಿರಳ.

ಆಮೇಲೆ? ಆಮೇಲೆ ಬರ. 1957ರ ಆಗಸ್ಟಿನಲ್ಲಿ ಮೊದಲ ಆಲ್ಬಮ್ ಬಂತು. ಅದರ ನಂತರ ಫೋರ್ ಸ್ಟಾರ್ ಕಾಲ ಮುಗಿಯುವವರೆಗೆ ಒಂದೂ ಹಿಟ್ ಇಲ್ಲ. ಎರಡನೇ ಮದುವೆ ಆಯ್ತು, ಮಗಳು ಹುಟ್ಟಿದಳು, ಸಾಲ ಬೆಳೀತು. ಆ ಕರಾರಿನ ಕೆಳಗೆ ಹಾಡಿದ ಒಟ್ಟು ಹಾಡುಗಳು ಐವತ್ತೊಂದು. ಒಂದು ಗೆದ್ದಿತು.

ನಾನು ಆ ಐವತ್ತೊಂದರಲ್ಲಿ ಸಿಕ್ಕಿದಷ್ಟನ್ನು ಕೇಳಿದ್ದೇನೆ. ದನಿ ಅಲ್ಲೂ ಅದೇ. ರಾಕ್ ಅಂಡ್ ರೋಲ್ ಕೊಟ್ಟರೆ ಅದನ್ನು, ದೇವರ ಹಾಡು ಕೊಟ್ಟರೆ ಅದನ್ನು, ವಾಲ್ಟ್ಸ್ ಕೊಟ್ಟರೆ ಅದನ್ನೂ ಜೀವ ಬಿಟ್ಟು ಹಾಡಿದ್ದಾಳೆ. ಆದರೆ ಹಾಡಿನೊಳಗೆ ಹೋಗಿ ಕೂರೋಣ ಅಂದ್ರೆ ಜಾಗವೇ ಇಲ್ಲ. ಒಳ್ಳೆ ಅಡುಗೆಯವಳ ಕೈಗೆ ದಿನಾ ಬಾಡಿದ ತರಕಾರಿ ಕೊಟ್ಟ ಹಾಗೆ.

1960 ಅವಳ ಪಾಲಿಗೆ ತಿರುವಿನ ವರ್ಷ. ಜನವರಿಯಲ್ಲಿ ನ್ಯಾಶ್‌ವಿಲ್‌ನ ಪ್ರಸಿದ್ಧ ರೇಡಿಯೋ ಕಾರ್ಯಕ್ರಮ ಗ್ರ್ಯಾಂಡ್ ಓಲ್ ಆಪ್ರಿಗೆ ಸದಸ್ಯೆಯಾದಳು. ಫೋರ್ ಸ್ಟಾರ್ ಕರಾರು ಮುಗಿಯಿತು, ನೇರವಾಗಿ ಡೆಕ್ಕಾ ಸೇರಿದಳು. ನವೆಂಬರ್ 16ರಂದು ಹ್ಯಾಂಕ್ ಕಾಕ್ರನ್ ಮತ್ತು ಹಾರ್ಲನ್ ಹೊವಾರ್ಡ್ ಬರೆದ 'ಐ ಫಾಲ್ ಟು ಪೀಸಸ್' ರೆಕಾರ್ಡ್ ಆಯ್ತು. ಡೆಕ್ಕಾ ಕರಾರಿನ ಮೊದಲ ಸೆಷನ್ನೇ ಅದು. 1961ರ ಆಗಸ್ಟಿನಲ್ಲಿ ಕಂಟ್ರಿ ಪಟ್ಟಿಯ ಮೊದಲ ಸ್ಥಾನ.

ಇಲ್ಲಿ ಒಂದು ಕ್ಷಣ ನಿಲ್ಲೋಣ. ಇಂಜಿನಿಯರ್ ಬುದ್ಧಿ, ಬಿಡಲ್ಲ! ಯಾವುದಾದರೂ ಕೋಡು ನಿನ್ನೆವರೆಗೆ ಓಡದೆ ಇವತ್ತು ಓಡಿದರೆ ನಾವು ಮೊದಲು ಕೇಳೋದು ಏನು ಬದಲಾಯ್ತು ಅಂತ. ಗಾಯಕಿ ಬದಲಾಗಲಿಲ್ಲ. ನಿರ್ಮಾಪಕ ಅದೇ ಬ್ರಾಡ್ಲಿ. ಊರು ಅದೇ, ವಾದ್ಯದವರಲ್ಲೂ ಎಷ್ಟೋ ಜನ ಅವರೇ. ಬದಲಾಗಿದ್ದು ಹಾಡು ಎಲ್ಲಿಂದ ಬರಬೇಕು ಅನ್ನುವ ಒಂದು ಷರತ್ತು. ಈಗ ನ್ಯಾಶ್‌ವಿಲ್‌ನಲ್ಲಿ ಯಾರು ಬರೆದ ಹಾಡನ್ನಾದರೂ ಬ್ರಾಡ್ಲಿ ಅವಳ ಮುಂದೆ ಇಡಬಹುದಿತ್ತು.

ಆದರೆ 'ಸ್ವಾತಂತ್ರ್ಯ ಸಿಕ್ಕಿತು, ತನಗಿಷ್ಟವಾದದ್ದು ಹಾಡಿದಳು, ಗೆದ್ದಳು' ಅಂತ ಬರೆದರೆ ಅದು ಸುಳ್ಳಾಗುತ್ತದೆ. 'ಐ ಫಾಲ್ ಟು ಪೀಸಸ್' ಕೂಡಾ ಅವಳಿಗೆ ಮೊದಲು ಹಿಡಿಸಿರಲಿಲ್ಲ. ಹಿಂದೆ ಹಾಡಲು ಜಾರ್ಡನೇರ್ಸ್ ಎಂಬ ನಾಲ್ವರು ಗಂಡಸರ ತಂಡ ಬಂದಿತ್ತು, ತನ್ನ ದನಿ ಅವರ ನಡುವೆ ಮುಳುಗುತ್ತದೆ ಅಂತ ಅವಳ ಹೆದರಿಕೆ. ಪಿಟೀಲುಗಳ ಮೇಳ ಸೇರಿಸಿದರೆ ತಾನು ಕಂಟ್ರಿಯಿಂದಲೇ ದೂರ ಹೋಗ್ತೀನಿ ಅನ್ನುವ ಅಳುಕು ಬೇರೆ. ಬ್ರಾಡ್ಲಿ ಜೊತೆ ಜಗಳ ಆಡುತ್ತಿದ್ದಳು. ವ್ಯತ್ಯಾಸ ಇರೋದೇ ಇಲ್ಲಿ ಅಂತ ನನಗನ್ನಿಸೋದು. ಈಗಿನ ಜಗಳ ಹಾಡಿನ ಬಗ್ಗೆ. ಮೊದಲಿನ ಕರಾರಿನಲ್ಲಿ ಜಗಳಕ್ಕೆ ಜಾಗವೇ ಇರಲಿಲ್ಲ, ಕಾಗದ ಆಗಲೇ ತೀರ್ಮಾನ ಮಾಡಿಬಿಟ್ಟಿತ್ತು.

'ಐ ಫಾಲ್ ಟು ಪೀಸಸ್' ಪಟ್ಟಿಯಲ್ಲಿ ಏರುತ್ತಿದ್ದಾಗಲೇ, 1961ರ ಜೂನ್ 14ರಂದು ನ್ಯಾಶ್‌ವಿಲ್‌ನಲ್ಲಿ ಕಾರು ಅಪಘಾತವಾಯಿತು. ಹಣೆ ಸೀಳಿ ಹೋಗಿ, ಸೊಂಟದ ಕೀಲು ತಪ್ಪಿ, ತಿಂಗಳ ಮಟ್ಟಿಗೆ ಆಸ್ಪತ್ರೆ. ಆಗಿನ್ನೂ ಹೊಸಬಳಾಗಿದ್ದ ಲೊರೆಟಾ ಲಿನ್ ರೇಡಿಯೋದಲ್ಲಿ ಅದೇ ಹಾಡನ್ನು ಹಾಡಿ ಅವಳಿಗೆ ಅರ್ಪಿಸಿದಳು. ಆಸ್ಪತ್ರೆಯಿಂದ ಕೇಳಿದ ಪ್ಯಾಟ್ಸಿ ಅವಳನ್ನು ಕರೆಸಿಕೊಂಡಳು. ಇಬ್ಬರ ಗೆಳೆತನ ಶುರುವಾದದ್ದು ಹಾಗೆ.

ಊರುಗೋಲು ಹಿಡಿದುಕೊಂಡೇ ಆಗಸ್ಟ್ 21ರಂದು ಸ್ಟುಡಿಯೋಗೆ ಬಂದಳು. ಅವತ್ತಿನ ಹಾಡು 'ಕ್ರೇಜಿ', ಬರೆದವನು ಆಗಿನ್ನೂ ಹೆಸರಿಲ್ಲದ ವಿಲ್ಲಿ ನೆಲ್ಸನ್. ಅವನು ಹಾಡಿ ಕೊಟ್ಟ ಡೆಮೋ ತಾಳಕ್ಕಿಂತ ಹಿಂದೆ ಹಿಂದೆ, ಮಾತಾಡಿದ ಹಾಗಿತ್ತು. ಇದೂ ಅವಳಿಗೆ ಹಿಡಿಸಲಿಲ್ಲ! ಬ್ರಾಡ್ಲಿ ಅದನ್ನು ನಿಧಾನದ ಹಾಡಾಗಿ ಕೂರಿಸಿದ, ಫ್ಲಾಯ್ಡ್ ಕ್ರೇಮರ್ ಪಿಯಾನೋ ನುಡಿಸಿದ. ಆಗೆಲ್ಲ ಮೂರು ಗಂಟೆಯ ಒಂದು ಸೆಷನ್ನಿನಲ್ಲಿ ನಾಲ್ಕು ಹಾಡು ಮುಗಿಸುವ ರೂಢಿ. ಇದೊಂದಕ್ಕೇ ನಾಲ್ಕು ಗಂಟೆ ಹಿಡಿದರೂ ಮುಗಿಯಲಿಲ್ಲ, ಪಕ್ಕೆಲುಬಿನ ನೋವಿಗೆ ಮೇಲಿನ ಸ್ವರ ಹತ್ತುತ್ತಿರಲಿಲ್ಲ. ಬ್ರಾಡ್ಲಿ ವಾದ್ಯಗಳನ್ನಷ್ಟೇ ಹಿಡಿದಿಟ್ಟುಕೊಂಡು ಅವಳನ್ನು ಮನೆಗೆ ಕಳಿಸಿದ. ಕೆಲವು ವಾರ ಬಿಟ್ಟು ಬಂದವಳು ಆ ವಾದ್ಯಗಳ ಮೇಲೆ ಒಂದೇ ಸಲಕ್ಕೆ ಹಾಡಿ ಮುಗಿಸಿದಳು. ನಾನು ಆ ರಾತ್ರಿ ಕಾಲ್‌ನಲ್ಲಿ ಕೇಳಿದ್ದು ಅದನ್ನೇ. ಕಂಟ್ರಿ ಪಟ್ಟಿಯಲ್ಲಿ 2, ಪಾಪ್ ಪಟ್ಟಿಯಲ್ಲಿ 9.

ಮುಂದಿನದ್ದು ಓಟ. 1961ರ ನವೆಂಬರಿನಲ್ಲಿ ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನಲ್ಲಿ ಆಪ್ರಿಯ ತಂಡದ ಜೊತೆ ಹಾಡಿದಳು. 1962ರಲ್ಲಿ 'ಶೀಸ್ ಗಾಟ್ ಯು' ಕಂಟ್ರಿ ಪಟ್ಟಿಯ ಮೊದಲ ಸ್ಥಾನಕ್ಕೆ ಬಂತು, ಆಗಸ್ಟಿನಲ್ಲಿ ಮೂರನೇ ಆಲ್ಬಮ್. 1963ರ ಫೆಬ್ರವರಿ 4ರಿಂದ 7ರವರೆಗೆ ನಾಲ್ಕು ದಿನ ಸ್ಟುಡಿಯೋದಲ್ಲಿದ್ದಳು, 'ಸ್ವೀಟ್ ಡ್ರೀಮ್ಸ್' ಆಗ ಹಾಡಿದ್ದು. ಮಾರ್ಚ್ 3ರಂದು ಕಾನ್ಸಾಸ್ ಸಿಟಿಯಲ್ಲಿ, ತೀರಿಕೊಂಡ ಒಬ್ಬ ರೇಡಿಯೋ ನಿರೂಪಕನ ಕುಟುಂಬಕ್ಕಾಗಿ ಸಹಾಯಾರ್ಥ ಕಾರ್ಯಕ್ರಮ ಕೊಟ್ಟಳು. ಮಾರ್ಚ್ 5ರಂದು ವಾಪಸ್ ಬರುವಾಗ ಪುಟ್ಟ ವಿಮಾನ ಟೆನೆಸೀ ರಾಜ್ಯದ ಕ್ಯಾಮ್ಡೆನ್ ಹತ್ತಿರ ಕಾಡಿನಲ್ಲಿ ಬಿತ್ತು. ಓಡಿಸುತ್ತಿದ್ದ ಅವಳ ಮ್ಯಾನೇಜರ್ ರ‍್ಯಾಂಡಿ ಹ್ಯೂಸ್, ಗಾಯಕರಾದ ಕೌಬಾಯ್ ಕೋಪಸ್, ಹಾಕ್‌ಶಾ ಹಾಕಿನ್ಸ್ ಮತ್ತು ಪ್ಯಾಟ್ಸಿ, ಯಾರೂ ಉಳಿಯಲಿಲ್ಲ. ಅವಳಿಗೆ ಮೂವತ್ತು ವರ್ಷ. ಎರಡು ಪುಟ್ಟ ಮಕ್ಕಳು.

ಲೆಕ್ಕ ಹಾಕಿ. ಮೊದಲ ಸೆಷನ್ನಿನಿಂದ ಕೊನೆಯದರವರೆಗೆ ಎಂಟು ವರ್ಷವೂ ಇಲ್ಲ. ಅದರಲ್ಲಿ ಐದು ವರ್ಷಕ್ಕೂ ಹೆಚ್ಚು ಫೋರ್ ಸ್ಟಾರ್ ತಿಂದಿತು. ಉಳಿದದ್ದು ಎರಡು ವರ್ಷ ಮೂರು ತಿಂಗಳು. ಇವತ್ತು ಜಗತ್ತು ಪ್ಯಾಟ್ಸಿ ಕ್ಲೈನ್ ಅಂತ ನೆನೆಸಿಕೊಳ್ಳುವುದು, ಆ ಒಂದು ಹಾಡು ಬಿಟ್ಟರೆ, ಹೆಚ್ಚಾಗಿ ಆ ಎರಡು ಕಾಲು ವರ್ಷವನ್ನು. 1967ರಲ್ಲಿ ಬಂದ 'ಗ್ರೇಟೆಸ್ಟ್ ಹಿಟ್ಸ್' ಅಮೆರಿಕದಲ್ಲೇ ಒಂದು ಕೋಟಿ ದಾಟಿತು. 1973ರಲ್ಲಿ ಕಂಟ್ರಿ ಮ್ಯೂಸಿಕ್ ಹಾಲ್ ಆಫ್ ಫೇಮ್‌ಗೆ ಒಂಟಿ ಗಾಯಕಿಯಾಗಿ ಸೇರಿದ ಮೊದಲ ಹೆಣ್ಣು ಅವಳು.

ಫೋರ್ ಸ್ಟಾರ್ ಹಾಡುಗಳ ಗತಿ ಏನಾಯ್ತು ಗೊತ್ತಾ? ಅವುಗಳ ಹಕ್ಕು ಕೈಯಿಂದ ಕೈಗೆ ಹೋಗಿ, ಅಗ್ಗದ ಸಂಕಲನಗಳಾಗಿ ಮತ್ತೆ ಮತ್ತೆ ಬಂದವು. ಹೊದಿಕೆ ಬೇರೆ, ಹೆಸರು ಬೇರೆ, ಒಳಗೆ ಅವೇ ಹಾಡು. ಬದುಕಿದ್ದಾಗ ಕೈ ಹಿಡಿಯದ ಹಾಡುಗಳು ಸತ್ತ ಮೇಲೂ ಬಿಡಲಿಲ್ಲ.

ನನ್ನದು ಎರಡು ವರ್ಷಕ್ಕೆ ಮುಗಿಯಿತು. ಇಪ್ಪತ್ತನಾಲ್ಕರಲ್ಲಿ ಹೊರಗೆ ಬಂದೆ, ಮುಂದೆ ಬೇಕಾದಷ್ಟು ಟೈಮ್ ಇದೆ ಅಂತ ನಾವೆಲ್ಲ ಅಂದುಕೊಳ್ಳೋದೇ. ಅವಳೂ ಹಾಗೇ ಅಂದುಕೊಂಡಿದ್ದಿರಬೇಕು.

ತಂಗಿಗೆ ಕೊನೆಗೆ ಫೋನ್ ಮಾಡಿದೆ. ಸೈನ್ ಮಾಡಬೇಡ ಅನ್ನಲಿಲ್ಲ, ಚಿಕ್ಕಪ್ಪನ ಮನೆಯ ಪರಿಸ್ಥಿತಿ ನನಗೆ ಗೊತ್ತು. ಪ್ಯಾಟ್ಸಿಗೂ ಬೇರೆ ದಾರಿ ಇರಲಿಲ್ಲವೇನೋ. ನಾಲ್ಕನೇ ಪೇಜು ತೆಗಿ, ಜೋರಾಗಿ ಓದು ಅಂದೆ. ಓದಿದಳು. ಯಾವ ಪ್ರಾಜೆಕ್ಟ್, ಯಾವ ಕೆಲಸ ಅನ್ನೋದು ಸಂಪೂರ್ಣ ಕಂಪನಿಯ ಇಷ್ಟ ಅಂತ ಇತ್ತು. "ಸಂಬಳ ಆಮೇಲೆ ಕೇಳು, ಮೊದಲು ಈ ಸಾಲಿನ ಬಗ್ಗೆ ಎಚ್‌ಆರ್‌ಗೆ ಮೇಲ್ ಹಾಕು" ಅಂದೆ. "ಕೇಳಿದ್ರೆ ಆಫರ್ ವಾಪಸ್ ತಗೊಂಡ್ರೆ?" ಅಂದಳು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನಿದ್ದೆವು.. ಆಮೇಲೆ ಅವಳೇ "ಡ್ರಾಫ್ಟ್ ಮಾಡಿ ಕಳಿಸ್ತೀನಿ, ನೋಡಿ ಹೇಳು" ಅಂದಳು. ಡ್ರಾಫ್ಟ್ ಇನ್ನೂ ಬಂದಿಲ್ಲ.

ನೀವು ಪ್ಯಾಟ್ಸಿಯನ್ನು ಕೇಳಿಲ್ಲದಿದ್ದರೆ, ರಾತ್ರಿ ಮನೆಯವರೆಲ್ಲ ಮಲಗಿದ ಮೇಲೆ ಹೆಡ್‌ಫೋನ್ ಹಾಕಿಕೊಂಡು ಮೊದಲು 1955ರ 'ಎ ಚರ್ಚ್, ಎ ಕೋರ್ಟ್‌ರೂಮ್, ದೆನ್ ಗುಡ್‌ಬೈ' ಕೇಳಿ, ಅದು ಅವಳ ಮೊದಲ ರೆಕಾರ್ಡು. ಆಮೇಲೆ 'ಕ್ರೇಜಿ' ಕೇಳಿ. ದನಿ ಒಂದೇ. ನಡುವೆ ಏನಾಯ್ತು ಅಂತ ಈಗ ನಿಮಗೂ ಗೊತ್ತಲ್ಲ.